ತೆಗೆದು ನೋಡಬ್ಯಾಡ, ಒತ್ತಿ ಹಿಡಿ

ಹೋದ ಸಲ ಮನೆಯಿಂದಲೇ ಕೆಲಸ ಮಾಡುವವರ ಬೆನ್ನುನೋವಿನ ಬಗ್ಗೆ ಬರೆದಿದ್ದೆ. ಮುಂದಿನ ಸಲ ಒಳ್ಳೇ ಕುರ್ಚಿ ಆರಿಸೋದು ಹ್ಯಾಗೆ ಅಂತ ಬರೀತೀನಿ ಅಂತ ಮಾತೂ ಕೊಟ್ಟಿದ್ದೆ. ಕುರ್ಚಿ ಎಲ್ಲೂ ಓಡಿ ಹೋಗೋದಿಲ್ಲ, ಇನ್ನೊಮ್ಮೆ ನೋಡೋಣ. ಈ ಸಲ ನಮ್ಮ ಮನೆಯ ಮಾಳಿಗೆ ಮೇಲೆ ನಡೆದದ್ದನ್ನು ಹೇಳಿಬಿಡ್ತೀನಿ.

ಸಪ್ತಾಪುರ ಗೊತ್ತಿದ್ದವರಿಗೆ ಇಲ್ಲಿನ ವ್ಯವಹಾರ ಗೊತ್ತೇ ಇರುತ್ತದೆ. ಇಲ್ಲಿ ಮನುಷ್ಯರಿಗಿಂತ ಕೋಚಿಂಗ್ ಕ್ಲಾಸಿನ ಬೋರ್ಡುಗಳೇ ಹೆಚ್ಚು. ಪಿಎಸ್‌ಐ, ಕೆಎಎಸ್, ಎಫ್‌ಡಿಎ, ಟಿಇಟಿ ಅಂತ ಬೀದರಿನಿಂದ ಹಿಡಿದು ಹಾವೇರಿವರೆಗಿನ ಹುಡುಗ ಹುಡುಗಿಯರು ಇಲ್ಲಿ ಬಂದು ಓದುತ್ತಾರೆ. ಅವರಿಗೆಲ್ಲ ರೂಮು ಬೇಕು. ನಿವೃತ್ತರಾದ ಮ್ಯಾಲೆ ಅಪ್ಪನೂ ಎಲ್ಲರ ಹಾಗೆ ಮಾಳಿಗೆ ಮೇಲೆ ನಾಲ್ಕು ರೂಮು ಎಬ್ಬಿಸೋಕೆ ಶುರು ಮಾಡಿದರು. ಗೌಂಡಿ ಕೆಲಸ ಮುಗಿದು ಟೈಲ್ಸ್ ಕೆಲಸ ನಡೆದಿತ್ತು. ನಾನು ಕೆಳಗಿನ ರೂಮಿನಲ್ಲಿ ಹೆಡ್‌ಫೋನ್ ಹಾಕ್ಕೊಂಡು ಬೆಂಗಳೂರಿನವರ ಜತೆ ಕಾಲ್‌ನಲ್ಲಿದ್ದೆ. ಮೇಲಿನ ಕಟರ್ ಮಷಿನ್ನಿನ ಸದ್ದು ಹೆಡ್‌ಫೋನ್ ದಾಟಿ ಬರುತ್ತಿತ್ತು. ಆ ಸದ್ದು ನಿಂತಾಗ 'ಅಬ್ಬಾ' ಅಂದುಕೊಂಡೆ. ಆಮೇಲೆ ಕೂಗು ಕೇಳಿಸಿತು.

ಟೈಲ್ಸ್ ಹುಡುಗನಿಗೆ ಇಪ್ಪತ್ತೆರಡು ವರ್ಷ, ನವಲಗುಂದ ಕಡೆಯವನು. ತುಂಡು ಮಾಡುವಾಗ ಬ್ಲೇಡು ಸಿಕ್ಕಿಕೊಂಡು ಮಷಿನ್ನು ಒದ್ದು, ಮೊಣಕಾಲಿಗಿಂತ ಒಂದು ಗೇಣು ಮೇಲೆ ತೊಡೆಯ ಒಳಭಾಗಕ್ಕೆ ಹೋಗಿತ್ತು. ಗಾಯ ಬಹಳ ಉದ್ದವೇನೂ ಇರಲಿಲ್ಲ. ಆದರೆ ರಕ್ತ ಸುರಿಯುತ್ತಿರಲಿಲ್ಲ, ಚಿಮ್ಮುತ್ತಿತ್ತು. ಎದೆ ಬಡಿತಕ್ಕೆ ಸರಿಯಾಗಿ ಚಿಮ್ಮಿ ತಗ್ಗಿ ಮತ್ತೆ ಚಿಮ್ಮುತ್ತಿತ್ತು. ಬಿಳಿ ಟೈಲ್ಸಿನ ಮೇಲೆ ಅದು ಹ್ಯಾಗೆ ಕಂಡಿತು ಅನ್ನೋದನ್ನ ಬರೆಯೋದಿಲ್ಲ.

ಮುಂದಿನ ನಾಲ್ಕೈದು ನಿಮಿಷದಲ್ಲಿ ನಾವೆಲ್ಲ ಮಾಡಿದ್ದು ಇಷ್ಟು. ಅವ್ವ ಅರಿಷಿಣದ ಡಬ್ಬಿ ತಂದಳು. ಅಪ್ಪ 108ಕ್ಕೆ ಫೋನ್ ಹಚ್ಚಿದರು. ಎದುರುಮನೆಯವರು ಒಂದು ತಂಬಿಗೆ ನೀರು ತಂದು ಮುಖಕ್ಕೆ ಹೊಡೆದರು. ಅವನ ಜತೆಗಾರ ತನ್ನ ದಸ್ತಿಯನ್ನು ಗಾಯದ ಮೇಲೆ ಸಡಿಲಾಗಿ ಸುತ್ತಿದ. ನಾನು ಟಾವೆಲ್ ಒತ್ತಿ ಹಿಡಿದೆ. ಒತ್ತಿ ಹಿಡಿದೆ ಅನ್ನೋದು ಸುಳ್ಳು, ಮುಚ್ಚಿ ಹಿಡಿದೆ ಅನ್ನಬೇಕು. ಅರ್ಧ ನಿಮಿಷಕ್ಕೊಮ್ಮೆ ಟಾವೆಲ್ ಎತ್ತಿ 'ನಿಂತಿತೇನೋ' ಅಂತ ನೋಡುತ್ತಿದ್ದೆ. ನಿಂತಿರಲಿಲ್ಲ.

ನಮ್ಮ ಹಿತ್ತಲಿಗೆ ಹೊಂದಿದ ಮನೆಯಲ್ಲಿ ಒಬ್ಬರು ಇದ್ದಾರೆ. ಸೈನ್ಯದ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು, ಹವಾಲ್ದಾರ್ ಆಗಿ ನಿವೃತ್ತರಾದವರು. ನಾವೆಲ್ಲ ಕಾಕಾ ಅಂತೀವಿ. ಅರವತ್ತರ ಮೇಲಿನ ವಯಸ್ಸು, ಮೊಣಕಾಲು ನೋವು, ಸಂಜೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ ಬರ್ತಾರೆ. ಅವತ್ತು ಕೂಗು ಕೇಳಿ ಅವರು ಮೆಟ್ಟಿಲು ಹತ್ತಿದ ರೀತಿಯಲ್ಲಿ ಮೊಣಕಾಲು ನೋವು ಕಾಣಲಿಲ್ಲ.

"ಸರೀ ಆಚೆ" ಅಂದರು. ಟಾವೆಲ್ ಕಿತ್ತು ಎಸೆದು, ಹುಡುಗನ ತೊಡೆಸಂದಿಗೆ ತಮ್ಮ ಮೊಣಕಾಲು ಊರಿ ಪೂರಾ ಮೈಭಾರ ಹಾಕಿದರು. ಚಿಮ್ಮೋದು ತಗ್ಗಿತು. "ಅಕ್ಕಾ, ಒಂದು ಹಳೀ ಕಾಟನ್ ಸೀರಿ ಕೊಡ್ರಿ. ಮತ್ತ ಒಂದ್ ಗಟ್ಟಿ ಕೋಲು. ಏನಾರ ಇರ್ಲಿ." ಅವ್ವನ ಕೈಗೆ ಸಿಕ್ಕಿದ್ದು ಲಟ್ಟಣಿಗೆ. ಕಾಕಾ ಸೀರೆಯಿಂದ ನಾಲ್ಕು ಬೆರಳಗಲದ ಪಟ್ಟಿ ಹರಿದು, ಗಾಯಕ್ಕಿಂತ ಮೂರು ಬೆರಳು ಮೇಲೆ ಎರಡು ಸುತ್ತು ಸುತ್ತಿ ಗಂಟು ಹಾಕಿ, ಗಂಟಿನ ಮೇಲೆ ಲಟ್ಟಣಿಗೆ ಇಟ್ಟು ಮತ್ತೆ ಗಂಟು ಹಾಕಿದರು. ಆಮೇಲೆ ನಲ್ಲಿ ತಿರುಗಿಸಿದ ಹಾಗೆ ಲಟ್ಟಣಿಗೆ ತಿರುಗಿಸಿದರು. ಹುಡುಗ ಬ್ಲೇಡು ಬಡಿದಾಗಿನದಕ್ಕಿಂತ ಜೋರಾಗಿ ಚೀರಿದ. ಅವ್ವ "ಸಾಕ್ರೀ, ಬಿಗಿ ಆತು" ಅಂದಳು. ಕಾಕಾ ಇನ್ನೂ ಒಂದು ಸುತ್ತು ತಿರುಗಿಸಿದರು. ರಕ್ತ ನಿಂತಿತು. ನಿಜವಾಗಿಯೂ ನಿಂತಿತು, ನಲ್ಲಿ ಬಂದ್ ಮಾಡಿದ ಹಾಗೆ.

ಲಟ್ಟಣಿಗೆ ತಿರುಗಿ ಬಿಚ್ಚದ ಹಾಗೆ ಇನ್ನೊಂದು ಪಟ್ಟಿಯಿಂದ ಕಟ್ಟಿ, ಟೈಲ್ಸ್‌ಗೆ ಗುರುತು ಹಾಕುವ ಮಾರ್ಕರ್ ಪೆನ್ನು ತಗೊಂಡು ಹುಡುಗನ ಹಣೆ ಮೇಲೆ 11.40 ಅಂತ ಬರೆದರು. ಅವನಿಗೆ ಕಂಬಳಿ ಹೊದಿಸಿದರು. ನವೆಂಬರ್ ಬಿಸಿಲಲ್ಲಿ ಕಂಬಳಿ ಯಾಕೆ ಅಂತ ನನಗೆ ಆಗ ತಿಳೀಲಿಲ್ಲ. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದ್ದು ಒಂದು ತಾಸಿನ ಮೇಲೆ ಹತ್ತು ನಿಮಿಷಕ್ಕೆ. ಇನ್ನೊಂದು ಕಾಲಿನಿಂದ ರಕ್ತನಾಳದ ತುಂಡು ತೆಗೆದು ಇಲ್ಲಿ ಜೋಡಿಸಿದರು. ಹುಡುಗ ಬದುಕಿದ, ಕಾಲೂ ಉಳಿಯಿತು.

ರಾತ್ರಿ ಕಾಕಾನ ಮನೆ ಕಟ್ಟೆ ಮೇಲೆ ಕೂತಾಗ ಅವರು ಹೇಳಿದ್ದು ಒಂದೇ ಮಾತು. "ತಮ್ಮಾ, ನೀ ಅರಿವಿ ತೆಗೆದು ತೆಗೆದು ನೋಡ್ತಿದ್ದೆಲ್ಲ, ಪ್ರತಿ ಸಲ ನೋಡಿದಾಗ ಒಂದ್ ಬಟ್ಟಲು ರಕ್ತ ಹೋಗ್ತಿತ್ತು. ತೆಗೆದು ನೋಡಬ್ಯಾಡ, ಒತ್ತಿ ಹಿಡಿ. ಇಷ್ಟ ಇರೋದು ಅದರಾಗ." ಬೈದು ಹೇಳಲಿಲ್ಲ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲವೇನೋ.

ನಾನು ಇಂಜಿನಿಯರ್. ಯಾವುದಾದರೂ ತಪ್ಪಿದರೆ ಯಾಕೆ ತಪ್ಪಿತು ಅಂತ ಹುಡುಕದೇ ನಿದ್ದೆ ಬರೋದಿಲ್ಲ. ಆವತ್ತಿನಿಂದ ಎರಡು ಮೂರು ತಿಂಗಳು ರಾತ್ರಿ ಹೊತ್ತು ಓದಿದ್ದೆಲ್ಲ ಯುದ್ಧಭೂಮಿಯ ಶಸ್ತ್ರಚಿಕಿತ್ಸೆಯ ಸಂಶೋಧನೆ. ಡಾಕ್ಟರಲ್ಲದವನು ಓದಿ ಅರ್ಥ ಮಾಡಿಕೊಂಡದ್ದು ಅಂತಲೇ ಇದನ್ನು ಓದಿಕೊಳ್ಳಿ.

ಮೊದಲು ಸಣ್ಣ ಲೆಕ್ಕ. ನಮ್ಮ ಮೈಯಲ್ಲಿರೋದು ಹೆಚ್ಚುಕಡಿಮೆ ಐದು ಲೀಟರ್ ರಕ್ತ. ಅದರಲ್ಲಿ ಎರಡು ಲೀಟರ್ ಹೋದರೆ ಜೀವ ಅಂಚಿಗೆ ಬಂದ ಹಾಗೆ. ತೊಡೆಯ ದೊಡ್ಡ ಅಪಧಮನಿ ಪೂರ್ತಿ ಕತ್ತರಿಸಿದರೆ ಅಷ್ಟು ಹೋಗೋದಕ್ಕೆ ಕೆಲವೇ ನಿಮಿಷ ಸಾಕು. ಸಪ್ತಾಪುರ ಭಾವಿಯಿಂದ ಜ್ಯುಬಿಲಿ ಸರ್ಕಲ್ ಮುಟ್ಟೋದಕ್ಕೆ ಸಂಜೆಯ ಟ್ರಾಫಿಕ್ಕಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಂದರೆ ಆಸ್ಪತ್ರೆ ಎಷ್ಟೇ ಒಳ್ಳೇದಿರಲಿ, ಆಂಬುಲೆನ್ಸ್ ಎಷ್ಟೇ ಬೇಗ ಬರಲಿ, ಇಂಥ ಗಾಯದಲ್ಲಿ ನಿರ್ಧಾರ ಆಗೋದು ಅವೆರಡೂ ಬರೋಕೆ ಮೊದಲೇ. ಪಕ್ಕದಲ್ಲಿ ಯಾರು ನಿಂತಿದ್ದಾರೋ ಅವರ ಕೈಯಲ್ಲಿ.

ರಕ್ತ ನಿಲ್ಲಿಸೋ ವಿದ್ಯೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲೇ ಸಂಧಾನ, ಸ್ಕಂದನ, ಪಾಚನ, ದಹನ ಅಂತ ನಾಲ್ಕು ದಾರಿ ಹೇಳಿದ್ದಾರೆ. 1718ರ ಸುಮಾರಿಗೆ ಫ್ರಾನ್ಸಿನ ಶಸ್ತ್ರವೈದ್ಯ ಜಾನ್ ಲೂಯಿ ಪೆಟಿ ತಿರುಪು ಇರುವ ಪಟ್ಟಿ ಮಾಡಿದ. ಕಾಕಾನ ಲಟ್ಟಣಿಗೆ ಅದರ ಮರಿಮೊಮ್ಮಗ. ಇದಕ್ಕೆ ಟೂರ್ನಿಕೆಟ್ ಅಂತಾರೆ. ಆದರೆ ಎರಡು ಮಹಾಯುದ್ಧಗಳ ಹೊತ್ತಿಗೆ ಅದಕ್ಕೆ ಕೆಟ್ಟ ಹೆಸರು ಬಂತು. ಕಟ್ಟಿದ ಸೈನಿಕ ಆಸ್ಪತ್ರೆ ಮುಟ್ಟೋದಕ್ಕೆ ಎಷ್ಟೋ ತಾಸು ಆಗುತ್ತಿತ್ತು, ಕೈಕಾಲು ಸತ್ತುಹೋಗುತ್ತಿದ್ದವು. 'ಟೂರ್ನಿಕೆಟ್ ಕಟ್ಟಿದರೆ ಕಾಲು ಹೋಯಿತು ಅಂತಲೇ' ಅನ್ನೋ ನಂಬಿಕೆ ಗಟ್ಟಿಯಾಯಿತು. ಪ್ರಥಮ ಚಿಕಿತ್ಸೆಯ ಹಳೇ ಪುಸ್ತಕಗಳಲ್ಲಿ ಆಗಾಗ ಸಡಿಲ ಮಾಡಿ ಅಂತಲೂ ಇತ್ತು. ಕಾಕಾನೂ ಮೊದಲು ಹಾಗೇ ಕಲಿತಿದ್ದರಂತೆ. "ಸಡಲ್ ಮಾಡಿದ್ರ ಉಳಿದ ರಕ್ತಾನೂ ಹೋಗ್ತದ. ಆಮ್ಯಾಲೆ ಅದನ್ನ ಬಿಡಿಸಿದ್ರು" ಅಂತಾರೆ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸಾವಿರಾರು ಸೈನಿಕರು ಬೇರೆ ದೊಡ್ಡ ಗಾಯ ಇಲ್ಲದೆ, ಬರೀ ಕೈಕಾಲಿನ ರಕ್ತಸ್ರಾವದಿಂದ ಸತ್ತರು ಅನ್ನೋದು ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. 1996ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಫ್ರಾಂಕ್ ಬಟ್ಲರ್ ಮತ್ತು ಸಂಗಡಿಗರು ಸೈನ್ಯದ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಗುಂಡಿನ ಚಕಮಕಿಯ ನಡುವೆ ಮೊದಲು ಮಾಡಬೇಕಾದ್ದು ಇದೇ ಅಂತ ವಾದಿಸಿದರು. ಎಲ್ಲರೂ ಕೇಳೋದಕ್ಕೆ ಇರಾಕ್ ಯುದ್ಧ ಬರಬೇಕಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಗ್ದಾದಿನ ಲೆಕ್ಕ. 2006ರಲ್ಲಿ ಅಲ್ಲಿನ ಸೈನಿಕ ಆಸ್ಪತ್ರೆಯೊಂದರಲ್ಲಿ ಜಾನ್ ಕ್ರಾಗ್ ಅನ್ನೋ ಮೂಳೆ ಶಸ್ತ್ರವೈದ್ಯ, ಟೂರ್ನಿಕೆಟ್ ಕಟ್ಟಿಕೊಂಡು ಬಂದ ಪ್ರತಿಯೊಬ್ಬರನ್ನೂ ಬರೆದಿಟ್ಟ. 232 ಜನ, 309 ಕೈಕಾಲು, 428 ಟೂರ್ನಿಕೆಟ್. ರಕ್ತ ಹೋಗಿ ಆಘಾತದ ಸ್ಥಿತಿಗೆ, ಅಂದರೆ ಮೈ ತಣ್ಣಗಾಗಿ ನಾಡಿ ಸಿಗದ ಹಂತಕ್ಕೆ, ಜಾರೋ ಮೊದಲೇ ಕಟ್ಟಿದವರಲ್ಲಿ 90 ಶೇಕಡಾ ಬದುಕಿದರು. ಜಾರಿದ ಮೇಲೆ ಕಟ್ಟಿದವರಲ್ಲಿ 10 ಶೇಕಡಾ. ಪಟ್ಟಿ ಅದೇ, ತಿರುಗಿಸುವ ಕೈಯೂ ಅಂಥದೇ. ನಡುವೆ ಇದ್ದದ್ದು ಕೆಲವು ನಿಮಿಷ. ಟೂರ್ನಿಕೆಟ್ ಕಟ್ಟಿದ್ದರಿಂದಲೇ ಕಾಲು ಕಳಕೊಂಡವರು? ಆ ಪಟ್ಟಿಯಲ್ಲಿ ಒಬ್ಬರೂ ಇಲ್ಲ.

2012ರಲ್ಲಿ ಇನ್ನೊಂದು ದೊಡ್ಡ ಲೆಕ್ಕ ಬಂತು. 2001ರಿಂದ 2011ರವರೆಗೆ ಯುದ್ಧಭೂಮಿಯಲ್ಲಿ ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆ. ಅವರಲ್ಲಿ 87 ಶೇಕಡಾ ಜನ ಆಸ್ಪತ್ರೆ ಮುಟ್ಟೋ ಮೊದಲೇ ಸತ್ತಿದ್ದರು. ಹಾಗೆ ದಾರಿಯಲ್ಲೇ ಸತ್ತವರಲ್ಲಿ ಸುಮಾರು ಕಾಲು ಭಾಗ ಜನ ಬದುಕಬಹುದಾಗಿದ್ದವರು. ಆ ಬದುಕಬಹುದಾಗಿದ್ದವರಲ್ಲಿ 90 ಶೇಕಡಾಕ್ಕಿಂತ ಹೆಚ್ಚಿನವರನ್ನು ಕೊಂದದ್ದು ರಕ್ತಸ್ರಾವ. ಅದರಲ್ಲೂ ಮೂರನೇ ಎರಡು ಭಾಗ ಎದೆ ಹೊಟ್ಟೆಯ ಒಳಗಿನದು. ಅದಕ್ಕೆ ಲಟ್ಟಣಿಗೆ ಉಪಯೋಗವಿಲ್ಲ, ಶಸ್ತ್ರಚಿಕಿತ್ಸೆಯೇ ಆಗಬೇಕು.

ಈ ಅಂಕಿ ಓದಿದ ರಾತ್ರಿ ನನಗೆ ನೆನಪಾದದ್ದು ಸೈನಿಕರಲ್ಲ. ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ನಮ್ಮ ಬ್ಯಾಚಿನವನೊಬ್ಬ ರಾತ್ರಿ ಬೈಕ್ ಮೇಲೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ಬೈಪಾಸ್‌ನಲ್ಲಿ ಬಿದ್ದ. ನಮ್ಮ ಬೈಪಾಸಿನ ಕಥೆ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗೆ ಹೆದ್ದಾರಿ ಎಲ್ಲ ಕಡೆ ಅಗಲ, ಇಲ್ಲಿ ಮಾತ್ರ ಆಗ ಎರಡೇ ಲೇನು ಇತ್ತು, ನಡುವೆ ಡಿವೈಡರ್ ಇರಲಿಲ್ಲ. 2021ರ ಸಂಕ್ರಾಂತಿಯ ಮರುದಿನ ಇಟಿಗಟ್ಟಿ ಹತ್ತಿರ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊಕ್ಕೆ ಟಿಪ್ಪರ್ ಹೊಡೆದ ಮೇಲೆಯೇ ಅಗಲ ಮಾಡುವ ಮಾತಿಗೆ ಜೋರು ಬಂದದ್ದು. ನಮ್ಮ ಗೆಳೆಯನದು ಅದಕ್ಕಿಂತ ಆರೇಳು ವರ್ಷ ಹಿಂದಿನ ಮಾತು. ಹೆಲ್ಮೆಟ್ ಹಾಕಿದ್ದ, ತಲೆಗೆ ಏನೂ ಆಗಿರಲಿಲ್ಲ. ಕಾಲಿಗೆ ಪೆಟ್ಟು. ಸುತ್ತ ಜನ ಸೇರಿದ್ದರು. ಅವನು ಅವರ ಜತೆ ಮಾತಾಡಿದ, ಮನೆ ನಂಬರ್ ಹೇಳಿದ, ನೀರು ಕೇಳಿದ. ಯಾರೋ ನೀರು ಕೊಟ್ಟರು. ಪೊಲೀಸರು ಬರೋವರೆಗೆ ಮುಟ್ಟಬಾರದು ಅಂತ ಯಾರೋ ಅಂದರು. ಅರ್ಧ ತಾಸಿನ ನಂತರ ಆಸ್ಪತ್ರೆಯಲ್ಲಿ 'ರಕ್ತ ಬಹಳ ಹೋಗಿತ್ತು' ಅಂದರು.

ಅವನ ತಾಯಿಯನ್ನು ನಾನು ಈಗಲೂ ವರ್ಷಕ್ಕೊಮ್ಮೆ ಹೋಗಿ ಮಾತಾಡಿಸಿ ಬರ್ತೀನಿ. ಪ್ರತಿ ಸಲ ಅವರು ಹಣೆಬರಹ ಅಂತಾರೆ. ನಾನು ಹೂಂ ಅಂತೀನಿ. ಈ ವರ್ಷ ಹೋದಾಗ ಆ ಹೂಂ ಬಾಯಿಂದ ಬರೋದಕ್ಕೆ ಬಹಳ ಹೊತ್ತು ಹಿಡಿಯಿತು. ಒಂದು ಟಾವೆಲ್ಲು, ಒಂದು ಕೋಲು, ಗೊತ್ತಿದ್ದ ಒಬ್ಬ ಮನುಷ್ಯ ಅಲ್ಲಿ ಇದ್ದಿದ್ದರೆ ಅಂತ ಅವರಿಗೆ ಹೇಳಿ ನಾನು ಸಾಧಿಸೋದೇನು? ಹೇಳಲಿಲ್ಲ. ಇಲ್ಲಿ ಬರೀತಿದೀನಿ, ಅವರು ಆನ್‌ಲೈನ್ ಓದೋದಿಲ್ಲ.

2016ರ ಫೆಬ್ರವರಿ ನನಗೆ ಮರೆಯದ ತಿಂಗಳು. ಸಿಯಾಚಿನ್‌ನಲ್ಲಿ 3ನೇ ತಾರೀಕು ಹಿಮ ಕುಸಿದು, ಆರು ದಿನ ಅದರಡಿ ಇದ್ದು ಜೀವಂತ ಸಿಕ್ಕ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 11ನೇ ತಾರೀಕು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ನೆಹರು ಸ್ಟೇಡಿಯಂನಲ್ಲಿ ಅಂತಿಮ ದರ್ಶನಕ್ಕೆ ಇಟ್ಟಾಗ ನಾವು ಕಾಲೇಜಿನ ಹುಡುಗರೆಲ್ಲ ಸಾಲಿನಲ್ಲಿ ನಿಂತಿದ್ದೆವು. ಆ ದಿನಗಳ ಆಸ್ಪತ್ರೆಯ ಬುಲೆಟಿನ್‌ಗಳಲ್ಲಿ ನ್ಯುಮೋನಿಯಾ, ಕಿಡ್ನಿ, ಯಕೃತ್ತಿನ ಜತೆ ಇನ್ನೊಂದು ಮಾತಿತ್ತು: ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಟ್ಟಿದೆ, ರಕ್ತದ ಅಂಶಗಳನ್ನು ಕೊಟ್ಟರೂ ಸುಧಾರಿಸುತ್ತಿಲ್ಲ ಅಂತ. ಆಗ ಅದು ನನಗೆ ಬರೀ ಡಾಕ್ಟರ ಭಾಷೆ.

ಅವರಿಗೆ ಆದದ್ದು ರಕ್ತಸ್ರಾವದ ಗಾಯವಲ್ಲ, ಆದರೆ ಹೆಪ್ಪು ಕಟ್ಟೋದು ಎಷ್ಟು ನಾಜೂಕಿನ ಕೆಲಸ ಅನ್ನೋದು ನನಗೆ ಈಗ ಅರ್ಥವಾಯಿತು. ರಕ್ತ ಹೆಪ್ಪುಗಟ್ಟೋದಕ್ಕೆ ಮೈ ಬೆಚ್ಚಗಿರಬೇಕು. 37 ಡಿಗ್ರಿ ಇರಬೇಕಾದದ್ದು 34ಕ್ಕೆ ಇಳಿದರೆ ಆ ಕೆಲಸ ಕುಂಟುತ್ತದೆ. ರಕ್ತ ಹೋದ ಹಾಗೆ ಮೈ ತಣ್ಣಗಾಗುತ್ತದೆ, ಆಮ್ಲಜನಕ ಸಾಲದೆ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ, ಎರಡೂ ಸೇರಿ ಹೆಪ್ಪು ಕಟ್ಟೋದನ್ನು ಕೆಡಿಸುತ್ತವೆ, ಆಗ ಇನ್ನಷ್ಟು ರಕ್ತ ಹೋಗುತ್ತದೆ. ಒಂದನ್ನೊಂದು ತಳ್ಳುವ ಮೂರು ಗಾಲಿ. ಶಸ್ತ್ರವೈದ್ಯರು ಇದಕ್ಕೆ ಸಾವಿನ ತ್ರಿಕೋನ ಅಂತಾರೆ. ಕಾಕಾ ನವೆಂಬರ್ ಬಿಸಿಲಲ್ಲಿ ಕಂಬಳಿ ಹೊದಿಸಿದ್ದು ಇದಕ್ಕೆ. ಎದುರುಮನೆಯವರು ಮುಖಕ್ಕೆ ತಣ್ಣೀರು ಹೊಡೆದಾಗ ಅವರು ಗದರಿದ್ದೂ ಇದಕ್ಕೇ.

ಈ ತ್ರಿಕೋನ ತಿಳಿದ ಮೇಲೆ ಆಪರೇಷನ್ ಥಿಯೇಟರಿನ ಪದ್ಧತಿಯೂ ಬದಲಾಯಿತು. ಮೊದಲು ಎಲ್ಲವನ್ನೂ ಒಂದೇ ಸಲ ಹೊಲಿದು ಮುಗಿಸುತ್ತಿದ್ದರು. 1993ರಲ್ಲಿ ಫಿಲಡೆಲ್ಫಿಯಾದ ಡಾಕ್ಟರುಗಳು, ನೌಕಾಪಡೆಯವರ ಮಾತನ್ನೇ ಎರವಲು ಪಡೆದು, 'ಡ್ಯಾಮೇಜ್ ಕಂಟ್ರೋಲ್' ಅಂತ ಕರೆದರು: ರಕ್ತ ಸೋರುವ ತೂತು ಮುಚ್ಚಿ, ಹೊಟ್ಟೆಯೊಳಗೆ ಬಟ್ಟೆ ತುರುಕಿ, ಐಸಿಯುಗೆ ಕಳಿಸಿ ಮೈ ಬೆಚ್ಚಗೆ ಮಾಡಿ, ಮರುದಿನ ಉಳಿದ ಕೆಲಸ. ಸಾಫ್ಟ್‌ವೇರಿನವರಿಗೆ ಇದು ಕೂಡಲೇ ತಿಳಿಯುತ್ತದೆ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ಯಾರೂ ಕೋಡ್ ಚಂದ ಮಾಡೋದಿಲ್ಲ.

ಸಲೈನ್ ಕಥೆಯೂ ಹಾಗೇ. ರಕ್ತ ಹೋದವರಿಗೆ ಮೊದಲು ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸುತ್ತಿದ್ದರು. ಅದು ಸಾರು ಕಡಿಮೆ ಆಯಿತು ಅಂತ ನೀರು ಸುರಿದ ಹಾಗೆ. ಪಾತ್ರೆ ತುಂಬುತ್ತದೆ, ರುಚಿ ಹೋಗುತ್ತದೆ. ಹೆಪ್ಪು ಕಟ್ಟುವ ಅಂಶ ತೆಳುವಾಗುತ್ತದೆ. ಬಾಗ್ದಾದಿನಲ್ಲೇ 246 ಗಾಯಾಳುಗಳ ದಾಖಲೆ ನೋಡಿ 2007ರಲ್ಲಿ ಬರೆದರು: ಕೆಂಪುರಕ್ತದ ಜತೆ ಪ್ಲಾಸ್ಮಾ ಬಹಳ ಕಡಿಮೆ ಸಿಕ್ಕವರಲ್ಲಿ 65 ಶೇಕಡಾ ಸತ್ತರು, ಸಮಸಮ ಸಿಕ್ಕವರಲ್ಲಿ 19 ಶೇಕಡಾ. ಇಲ್ಲಿ ನನ್ನೊಳಗಿನ ಡೇಟಾ ನೋಡುವವನು ಕೈ ಎತ್ತಿದ. ಬೇಗ ಸತ್ತವರಿಗೆ ಪ್ಲಾಸ್ಮಾ ಕೊಡೋದಕ್ಕೆ ಸಮಯವೇ ಸಿಕ್ಕಿರೋದಿಲ್ಲ, ಹಾಗಾಗಿ ಈ ಅಂಕಿಯನ್ನು ಪೂರಾ ನಂಬೋ ಹಾಗಿಲ್ಲ. ಸಂಶೋಧಕರಿಗೂ ಇದೇ ಅನುಮಾನ ಇತ್ತು. ಆಮೇಲೆ ಅಮೆರಿಕದ 12 ಆಸ್ಪತ್ರೆಗಳಲ್ಲಿ 680 ಜನರ ಮೇಲೆ ಚೀಟಿ ಎತ್ತಿದ ಹಾಗೆ ಹಂಚಿ ನೋಡಿದರು. 2015ರಲ್ಲಿ ಬಂದ ಉತ್ತರ ಅಷ್ಟು ಅಬ್ಬರದ್ದಲ್ಲ. ತಿಂಗಳ ಕೊನೆಗೆ ಬದುಕಿದವರ ಸಂಖ್ಯೆಯಲ್ಲಿ ಖಚಿತ ಅನ್ನುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಮೊದಲ ದಿನ ರಕ್ತ ಹೋಗಿಯೇ ಸತ್ತವರು ಸಮಸಮ ಕೊಟ್ಟ ಕಡೆ ಕಡಿಮೆ.

ಇನ್ನು ಔಷಧಿ. ಟ್ರಾನೆಕ್ಸಾಮಿಕ್ ಆಸಿಡ್ ಅಂತ ಹೆಸರು. ಇದನ್ನು ನಾನು ಊಟಕ್ಕೆ ಕೂತಾಗ ಹೇಳಿದರೆ ಅಕ್ಕ, "ಅದು ನನ್ನ ಗುಳಗಿ ಅಲ್ಲೇನೋ?" ಅಂದಳು. ಹೌದು, ಮುಟ್ಟಿನ ರಕ್ತಸ್ರಾವ ಹೆಚ್ಚಾದಾಗ ಡಾಕ್ಟರು ಬರೆದುಕೊಡುವ ಗುಳಿಗೆ ಅದೇ. ಕಟ್ಟಿದ ಹೆಪ್ಪು ಕರಗದ ಹಾಗೆ ಅದು ತಡೆಯುತ್ತದೆ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ 1960ರ ದಶಕದ ಮೊದಲಿಗೆ ಕಂಡುಹಿಡಿದರು. ಬಾಣಂತಿಯರು ರಕ್ತ ಹೋಗಿ ಸಾಯೋದನ್ನು ತಪ್ಪಿಸಬೇಕು ಅನ್ನೋದು ಆ ತಾಯಿಯ ಆಸೆ. ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 2010ರಲ್ಲಿ 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಔಷಧಿ ಇಲ್ಲದೆ 16 ಶೇಕಡಾ ಸಾವು, ಔಷಧಿ ಕೊಟ್ಟಾಗ 14.5. ಸಣ್ಣ ಅಂತರ ಅನ್ನಿಸಬಹುದು. ನೂರು ಜನರಲ್ಲಿ ಒಂದೂವರೆ ಜೀವ, ಅದೂ ಅಗ್ಗದ ಔಷಧಿಯಿಂದ. ಆದರೆ ಮೂರು ತಾಸಿನೊಳಗೆ ಕೊಡಬೇಕು, ತಡವಾದರೆ ಕೆಡುಕೇ ಹೆಚ್ಚು. ಅಫ್ಘಾನಿಸ್ತಾನದ ಬ್ರಿಟಿಷ್ ಸೈನಿಕ ಆಸ್ಪತ್ರೆಯ 896 ಗಾಯಾಳುಗಳ ದಾಖಲೆಯೂ 2012ರಲ್ಲಿ ಇದೇ ದಿಕ್ಕು ತೋರಿಸಿತು. 2017ರಲ್ಲಿ, ಒಕಾಮೊಟೊ ತೀರಿಕೊಂಡ ಮರುವರ್ಷ, ಬಾಣಂತಿಯರ ಮೇಲಿನ ದೊಡ್ಡ ಪರೀಕ್ಷೆಯೂ ಮುಗಿದು ಅವರ ಮಾತು ನಿಜ ಅಂತ ಆಯಿತು. ಅವರು ಅದನ್ನು ನೋಡಲಿಲ್ಲ.

ಬಾಣಂತಿಯರ ಮಾತು ಬಂತು ಅಂತ ನೆರೆಯ ಬೆಳಗಾವಿಯ ಬಗ್ಗೆ ಹೇಳಲೇಬೇಕು. ರಕ್ತಸ್ರಾವದ ಸಂಶೋಧನೆ ಅಂದರೆ ಬಾಗ್ದಾದ್ ಲಂಡನ್ ಅಂತ ಹುಡುಕುತ್ತಿದ್ದವನಿಗೆ ಎರಡು ತಾಸಿನ ದಾರಿಯ ಊರು ಸಿಕ್ಕಾಗ ಸ್ವಲ್ಪ ನಾಚಿಕೆಯೂ ಆಯಿತು. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ಬಾಣಂತಿಯರ ಮೇಲೆ ಮಿಸೊಪ್ರೊಸ್ಟಾಲ್ ಗುಳಿಗೆ ಪರೀಕ್ಷೆ ಮಾಡಿದರು. ಕೊಟ್ಟವರು ದೊಡ್ಡ ಡಾಕ್ಟರಲ್ಲ, ಊರಿನ ಎಎನ್‌ಎಂ ಸಿಸ್ಟರುಗಳು. ಹೆರಿಗೆಯ ನಂತರದ ಅತಿ ರಕ್ತಸ್ರಾವ 12 ಶೇಕಡಾದಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. ಅದೇ ಸಂದರ್ಭದಲ್ಲಿ ಅವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಬಾಣಂತಿಯ ಕೆಳಗೆ ಹಾಸಿದರೆ ಹೋದ ರಕ್ತ ಅದರ ತುದಿಯ ಚೀಲದಲ್ಲಿ ಇಳಿಯುತ್ತದೆ, ಚೀಲದ ಮೇಲೆ ಅಳತೆಯ ಗೆರೆ. ಕಣ್ಣಂದಾಜಿನ ಜತೆ ಹೋಲಿಸಿದಾಗ ಗೊತ್ತಾಯಿತು, ಕಣ್ಣು ನಿಜವಾದದ್ದಕ್ಕಿಂತ 33 ಶೇಕಡಾ ಕಡಿಮೆ ಹೇಳುತ್ತಿತ್ತು. ಅನುಭವ ಇದ್ದವರ ಕಣ್ಣೇ ಹೀಗಾದರೆ ನನ್ನ ಕಣ್ಣಿನ ಗತಿ ಏನು? ನಾನು ಟಾವೆಲ್ ಎತ್ತಿ ನೋಡಿದಾಗ 'ಬಹಳೇನಿಲ್ಲ' ಅಂತಲೂ ಅಂದಿದ್ದೆ.

ನಮ್ಮ ದೇಶದ ಸೈನ್ಯಕ್ಕೂ ಹೊಸ ಸಾಮಾನು ಬಂದಿವೆ. ಸೀಗಡಿಯಂಥವುಗಳ ಚಿಪ್ಪಿನಿಂದ ತೆಗೆಯುವ ಕೈಟೊಸಾನ್‌ನಿಂದ ಮಾಡಿದ ಪಟ್ಟಿ, ಗಾಯದೊಳಗೆ ತುರುಕಿ ಒತ್ತಿದರೆ ರಕ್ತಕಣಗಳನ್ನು ಹಿಡಿದು ಅಂಟಿಸುತ್ತದೆ. ಅಹಮದಾಬಾದಿನಲ್ಲಿ ಶುರುವಾದ ಆಕ್ಸಿಯೊ ಕಂಪನಿ ಇದನ್ನು ಮಾಡುತ್ತದೆ. ಪುಲ್ವಾಮಾ ದಾಳಿಯ ಮರುತಿಂಗಳು, 2019ರ ಮಾರ್ಚ್‌ನಲ್ಲಿ, ಡಿಆರ್‌ಡಿಒದ ದೆಹಲಿ ಪ್ರಯೋಗಾಲಯ ಇನ್ಮಾಸ್ ಕೂಡ ಗಾಯ ಮುಚ್ಚುವ, ರಕ್ತ ಹೀರುವ ಪಟ್ಟಿಗಳನ್ನು ತೋರಿಸಿತು. ಕಾಕಾನಿಗೆ ಇದರ ಫೋಟೊ ತೋರಿಸಿದೆ. "ಛಲೋ ಅದ. ಆದ್ರ ಒತ್ತೋ ಕೈ ಬೇಕು ನೋಡು" ಅಂದರು.

ಹನುಮಂತಪ್ಪ ತೀರಿಕೊಂಡ ಐದೇ ದಿನಕ್ಕೆ, ಫೆಬ್ರವರಿ 16ಕ್ಕೆ, ಅತ್ತ ನೆಲಮಂಗಲದ ಹತ್ತಿರ ಹೆದ್ದಾರಿಯಲ್ಲಿ ಹರೀಶ್ ನಂಜಪ್ಪ ಅನ್ನೋ ಯುವಕನ ಮೇಲೆ ಲಾರಿ ಹರಿಯಿತು. ಗುಬ್ಬಿಗೆ ಹೋಗಿ ವೋಟು ಹಾಕಿ ವಾಪಸು ಬರುತ್ತಿದ್ದ. ದೇಹ ಎರಡಾಗಿದ್ದರೂ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡ. ಅವನ ಕಣ್ಣುಗಳನ್ನು ದಾನ ಮಾಡಲಾಯಿತು. ಆ ಗಾಯಕ್ಕೆ ಯಾವ ಲಟ್ಟಣಿಗೆಯೂ ಸಾಲುತ್ತಿರಲಿಲ್ಲ. ಆದರೆ ಅದರಿಂದ ಒಂದಿಷ್ಟು ಆಯಿತು. ಮುಂದಿನ ತಿಂಗಳೇ ಸರ್ಕಾರ ಅವನ ಹೆಸರಲ್ಲಿ ಸಾಂತ್ವನ-ಹರೀಶ್ ಯೋಜನೆ ತಂದು, ಅಪಘಾತದ ಮೊದಲ 48 ತಾಸು 25,000 ರೂಪಾಯಿವರೆಗಿನ ಚಿಕಿತ್ಸೆ ಉಚಿತ ಅಂದಿತು. ಅದೇ ಮಾರ್ಚ್ 30ಕ್ಕೆ ಸುಪ್ರೀಂ ಕೋರ್ಟು, ಸಹಾಯಕ್ಕೆ ಬಂದವರನ್ನು ಪೊಲೀಸರೂ ಆಸ್ಪತ್ರೆಗಳೂ ಕಾಡಬಾರದು ಅನ್ನುವ ನಿಯಮಗಳಿಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನೋ ಕಲಮು ಸೇರಿತು. ನಿಮ್ಮ ಹೆಸರು ಹೇಳಲೇಬೇಕು ಅಂತ ಇಲ್ಲ, ಸಹಾಯ ಮಾಡಿದ್ದಕ್ಕೆ ಕೇಸು ಹಾಕುವ ಹಾಗಿಲ್ಲ. ನನ್ನ ಗೆಳೆಯ ಬಿದ್ದ ರಾತ್ರಿ ಇದು ಇರಲಿಲ್ಲ. ಇದ್ದಿದ್ದರೂ ಅಲ್ಲಿದ್ದವರಿಗೆ ಗೊತ್ತಿರುತ್ತಿತ್ತೇ ಅನ್ನೋದು ಬೇರೆ ಮಾತು. ಈಗಲೂ ಹತ್ತು ಜನರನ್ನು ಕೇಳಿ ನೋಡಿ.

ಹೋದ ತಿಂಗಳು ಒಂದು ಭಾನುವಾರ ಕಾಕಾನನ್ನು ಒಪ್ಪಿಸಿ ನಮ್ಮ ಮಾಳಿಗೆ ಮೇಲೆ ಕ್ಲಾಸು ಮಾಡಿಸಿದೆ. ಹೊಸ ರೂಮುಗಳಿಗೆ ಬಂದ ಎಂಟು ಹುಡುಗರು, ಪಕ್ಕದ ಪಿಜಿಯ ಆರು ಜನ. ಕಾಕಾ ಹೇಳಿಕೊಟ್ಟದ್ದು ಒಂದು ತಾಸಿನದು. ರಕ್ತ ಚಿಮ್ಮುವ ಜಾಗ ಹುಡುಕಿ, ಬಟ್ಟೆ ಇಟ್ಟು, ಎರಡೂ ಕೈ ನೆಟ್ಟಗೆ ಮಾಡಿ ಮೈಭಾರ ಹಾಕಿ ಒತ್ತಬೇಕು. ಬಟ್ಟೆ ತೊಯ್ದರೆ ಅದರ ಮೇಲೆ ಇನ್ನೊಂದು, ಮೊದಲಿನದು ತೆಗೆಯಬಾರದು. ಗಾಯದಲ್ಲಿ ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬಾರದು. ಕಂಕುಳು, ತೊಡೆಸಂದಿನಲ್ಲಿ ಪಟ್ಟಿ ಕಟ್ಟೋದಕ್ಕೆ ಬರೋದಿಲ್ಲ, ಅಲ್ಲಿ ಬಟ್ಟೆ ತುರುಕಿ ಒತ್ತೋದೇ. ಕೈಕಾಲಿನಲ್ಲಿ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಮಾತ್ರ ಪಟ್ಟಿ, ಅದೂ ಅಗಲದ್ದು. ತಂತಿ, ಸಣ್ಣ ಹಗ್ಗ ಬೇಡ, ಅವು ಮಾಂಸ ಕೊಯ್ಯುತ್ತವೆ. ಕೀಲಿನ ಮೇಲೆ ಕಟ್ಟಬಾರದು. ನಿಲ್ಲೋವರೆಗೆ ಬಿಗಿ ಮಾಡಬೇಕು, ಅರ್ಧ ಬಿಗಿಯಾದರೆ ರಕ್ತ ಇನ್ನೂ ಹೆಚ್ಚು ಹೋಗುತ್ತದೆ. ಕಟ್ಟಿದ ಹೊತ್ತು ಬರೆಯಬೇಕು, ಆಸ್ಪತ್ರೆಯಲ್ಲಲ್ಲದೆ ಬಿಚ್ಚಬಾರದು, ಎರಡು ತಾಸಿನೊಳಗೆ ಮುಟ್ಟಿಸಬೇಕು. ಅರಿಷಿಣ, ಚಹಾಪುಡಿ ಬೇಡ. ಬಾಯಿಗೆ ನೀರೂ ಬೇಡ.

ಗದಗ ಕಡೆಯ ಹುಡುಗನೊಬ್ಬ, "ಹಾವು ಕಡದ್ರೂ ಹಿಂಗ ಕಟ್ಟಬೇಕಲ್ರೀ?" ಅಂದ. ಕಾಕಾ ಅಲ್ಲಿ ಮಾತ್ರ ದನಿ ಏರಿಸಿದರು. "ಕಟ್ಟಬಾರದು! ಹಾವು ಕಡದಾಗ ಕಟ್ಟಿ ಕಾಲು ಕಳಕೊಂಡವರನ್ನ ನಾ ನೋಡೇನಿ. ಅಲ್ಲಾಡಸದಂಗ ಇಟಗೊಂಡು ದವಾಖಾನಿಗೆ ಓಡು. ಇದು ಬರೇ ರಕ್ತ ಚಿಮ್ಮೋ ಗಾಯಕ್ಕ."

ಎಲ್ಲರೂ ಒಬ್ಬರ ತೊಡೆಗೆ ಒಬ್ಬರು ಕಟ್ಟಿ ನೋಡಿದರು. ಒಬ್ಬನಂತೂ ನೋವಿಗೆ ಕಾಕಾನನ್ನೇ ಬೈದ. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಇನ್ನೊಬ್ಬ ಪೆನ್ನು ಹಿಡಕೊಂಡು, "ಸರ, ಇದು ಪರೀಕ್ಷಾಕ ಬರ್ತದೇನ್ರೀ?" ಅಂತ ಕೇಳಿದ. "ಬರ್ತದ, ಆದ್ರ ಟೈಮ್‌ಟೇಬಲ್ ಕೊಡಂಗಿಲ್ಲ" ಅಂದರು ಕಾಕಾ.

ಟೈಲ್ಸ್ ಹುಡುಗ ಮೊನ್ನೆ ಬಂದಿದ್ದ. ಸ್ವಲ್ಪ ಕುಂಟುತ್ತಾನೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡೀತಾನೆ. ಕಟರ್ ಮಷಿನ್ನು ಜತೆಗಾರನ ಕೈಗೆ ಕೊಟ್ಟಿದ್ದಾನೆ, ತಾನು ಅಳತೆ ಹಾಕಿ ಕೂರಿಸುವ ಕೆಲಸ ಮಾಡ್ತಾನಂತೆ. ಮೂಲೆಯಲ್ಲಿ ಅವತ್ತು ಉಳಿದಿದ್ದ ಐದು ಟೈಲ್ಸ್ ಕೂರಿಸಿ ಹೋದ, ಅಪ್ಪ ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಅವ್ವ ಚಹಾ ಕೊಟ್ಟಳು. ಅವ್ವನಿಗೆ ಹೊಸ ಲಟ್ಟಣಿಗೆ ಬಂದಿದೆ. ಹಳೆಯದನ್ನು ಮೂರು ಸಲ ತೊಳೆದರೂ ಚಪಾತಿಗೆ ಮುಟ್ಟೋದಿಲ್ಲ ಅಂದಳು. ಅದು ಈಗ ಹಳೇ ಸೀರೆಯ ಎರಡು ಪಟ್ಟಿ, ಒಂದು ಮಾರ್ಕರ್ ಪೆನ್ನಿನ ಜತೆ ನನ್ನ ಸ್ಕೂಟರಿನ ಡಿಕ್ಕಿಯಲ್ಲಿದೆ.